ಒಗಿ ಅಂದಳೋ, ಒದಿ ಅಂದಳೋ

ನಮ್ಮ ಶಾಲೆಯ ಬಾಸ್ಕೆಟ್‌ಬಾಲ್ ರಿಂಗು ಅಳತೆಗಿಂತ ಎರಡು ಬೆರಳು ಸಣ್ಣದಿತ್ತು. ಇದು ನನಗೆ ಗೊತ್ತಾದದ್ದು ಅದನ್ನು ಹಾಕಿಸಿ ಎರಡು ವರ್ಷವಾದ ಮೇಲೆ. ಸಿಂದಗಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯವನಿಗೆ ಚೀಟಿಯಲ್ಲಿ ಅಳತೆ ಬರೆದು ಕೊಟ್ಟಿದ್ದೆ. ಅದು ಒಳಗಿನ ಅಳತೆ ಎಂದು ಬರೆಯುವುದನ್ನು ಮರೆತಿದ್ದೆ. ಆತ ಹೊರಗಿನ ಅಳತೆ ಹಿಡಿದು, ಟ್ರಾಲಿಗೆ ಹಾಕುವ ದಪ್ಪ ಪೈಪನ್ನೇ ಬಗ್ಗಿಸಿ ಗಟ್ಟಿಮುಟ್ಟಾಗಿ ಮಾಡಿಕೊಟ್ಟ. ಜಿಲ್ಲೆಯಿಂದ ತಪಾಸಣೆಗೆ ಬಂದ ಪರಿವೀಕ್ಷಕರು ಟೇಪು ಹಿಡಿದು ನೋಡಿ ನನ್ನನ್ನು ಕರೆದರು.

"ಏನ್ರೀ ಮಾಸ್ತರ, ಇದರಾಗ ಚೆಂಡ ಹೋಗತೈತೋ ಲಿಂಬಿಹಣ್ಣ ಹೋಗತೈತೋ?"

ಮುಖ ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯಲಿಲ್ಲ. ಆದರೆ ಆ ವರ್ಷ ನಮ್ಮ ಹುಡುಗಿಯರು ಮೊದಲ ಸಲ ಜಿಲ್ಲಾ ಮಟ್ಟಕ್ಕೆ ಹೋಗಿ ಅಲ್ಲಿನ ರಿಂಗಿಗೆ ಚೆಂಡು ಎಸೆದು ನನ್ನತ್ತ ತಿರುಗಿ, "ಸರ, ಇದು ಬಾಂವಿ ಇದ್ದಂಗ ಐತ್ರಿ" ಎಂದು ನಕ್ಕರು. ಸಣ್ಣ ರಿಂಗಿನಲ್ಲಿ ಕೈ ಪಳಗಿದವರಿಗೆ ಅಳತೆಯ ರಿಂಗು ಆಟವೇ ಆಯಿತು. ಆ ಮೇಲೆ ನಾನು ರಿಂಗು ಬದಲಿಸಲೇ ಇಲ್ಲ. ಕೇಳಿದವರಿಗೆ ಇದು ನನ್ನದೇ ತರಬೇತಿ ಪದ್ಧತಿ ಎಂದು ಗಂಭೀರವಾಗಿ ಹೇಳುತ್ತ ಬಂದೆ.

ಹೊಸದಾಗಿ ಕೊರಳಿಗೆ ಸೀಟಿ ಹಾಕಿಕೊಂಡವರು ಈಗ ನನ್ನ ಮನೆಗೆ ಬಂದು, ಪಿ.ಇ. ಮಾಸ್ತರಿಕೆ ಎಂದರೆ ಏನು ಸರ್ ಎಂದು ಕೇಳುತ್ತಾರೆ. ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಗಣಿತದ ಮಾಸ್ತರರು ರಜೆ ಹಾಕಿದ ದಿನ ಆ ವರ್ಗವನ್ನು ಗದ್ದಲವಾಗದಂತೆ ಕೂಡಿಸುವುದು, ಸಮಾರಂಭಕ್ಕೆ ಕುರ್ಚಿ ಹೊಂದಿಸುವುದು, ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಆಟ ಕಲಿಸುವುದು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕೊನೆಗೆ ಸಿಂದಗಿ ಎಂದು ನಾಲ್ಕು ತಾಲ್ಲೂಕು ತಿರುಗಿದ್ದೇನೆ. ಎಲ್ಲ ಕಡೆಯೂ ಇದೇ ಕೆಲಸ, ಎಲ್ಲ ಕಡೆಯೂ ಒಂದೊಂದು ಫಜೀತಿ. ಮುದ್ದೇಬಿಹಾಳದಲ್ಲಿ ಪಂದ್ಯದ ದಿನ ಸುಣ್ಣದ ಪುಡಿ ಬರಲಿಲ್ಲವೆಂದು ಮನೆಯಿಂದ ಜೋಳದ ಹಿಟ್ಟು ತಂದು ಅಂಕಣಕ್ಕೆ ಗೆರೆ ಎಳೆದೆ. ಉದ್ಘಾಟನೆಯ ಭಾಷಣ ಉದ್ದವಾಯಿತು. ಭಾಷಣ ಮುಗಿದು ತಿರುಗಿ ನೋಡಿದರೆ ಓಣಿಯ ಆಡುಗಳೆಲ್ಲ ಸೇರಿ ಅರ್ಧ ಅಂಕಣ ನೆಕ್ಕಿ ಮುಗಿಸಿದ್ದವು. ಅಲ್ಲಿನ ಹೆಡ್ ಮಾಸ್ತರರು, "ನಿಮ್ಮ ಗೆರಿ ಆಡಿನ ಹೊಟ್ಟ್ಯಾಗ ಐತಿ, ಅಲ್ಲೇ ಆಡಸ್ರಿ" ಎಂದರು. ನಕ್ಕು ಮರೆಯುವ ತಪ್ಪುಗಳು ಇಂಥವು. ನಕ್ಕು ಮರೆಯಲಾಗದ ತಪ್ಪೊಂದನ್ನೂ ಮಾಡಿದ್ದೇನೆ. ಅದನ್ನು ಹೇಳುವುದಕ್ಕೆಂದೇ ಇದನ್ನು ಬರೆಯಲು ಕೂತದ್ದು.

ಸುಜಾತಾ ಆಲಮೇಲದ ಹುಡುಗಿ. ತಾಯಿ ಕಾಶಿಬಾಯಿ ಕಬ್ಬಿನ ಹೊಲದ ಕೆಲಸಕ್ಕೆ ಹೋಗುವಾಕೆ. ಮಗಳು ದಿನಾ ಬಸ್ಸಿನಲ್ಲಿ ಸಿಂದಗಿಗೆ ಬಂದು ನಮ್ಮ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಎಂಟನೆಯ ವರ್ಗಕ್ಕೆ ಬಂದಾಗಲೇ ನನ್ನ ಭುಜಕ್ಕೆ ಬರುತ್ತಿದ್ದಳು. ಚೆಂಡು ಕೈಗೆ ಸಿಕ್ಕರೆ ಎದುರಿನವರಿಗೆ ಆಕೆಯ ಬೆನ್ನು ಮಾತ್ರ ಕಾಣುತ್ತಿತ್ತು. ಅಂಥ ಕೈ ನನ್ನ ನೌಕರಿಯಲ್ಲಿ ಇನ್ನೊಂದು ನೋಡಲಿಲ್ಲ. ಅಂಥ ಬಾಯಿಯೂ ನೋಡಲಿಲ್ಲ.

ಇಂಡಿಯಲ್ಲಿ ಒಂದು ಪಂದ್ಯ. ಅಂಕ ಬರೆಯುವವರು ನಮ್ಮ ಒಂದು ಬುಟ್ಟಿಯನ್ನು ಎದುರು ತಂಡಕ್ಕೆ ಬರೆದುಬಿಟ್ಟರು. ಸುಜಾತಾ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ಮೇಜಿನ ಹತ್ತಿರ ಹೋಗಿ ನಿಂತಳು. "ಅದನ್ನ ತಿದ್ದೂ ತನಕಾ ಚೆಂಡ ಕೊಡಂಗಿಲ್ರಿ." ರೆಫರಿ ಗದರಿದರು, ನಾನು ಗದರಿದೆ, ಅಂಕಣದ ಸುತ್ತ ನಿಂತವರೆಲ್ಲ ಗದರಿದರು. ಆಕೆ ಕಂಬದ ಹಾಗೆ ನಿಂತೇ ಇದ್ದಳು. ಕೊನೆಗೆ ಹಾಳೆ ನೋಡಿದರೆ ಆಕೆ ಹೇಳಿದ್ದೇ ಸರಿ. ತಿದ್ದಿದರು. ಆದರೂ ಆಕೆಗೆ ಉಡಾಳಿ ಎಂಬ ಹೆಸರು ಬಂದದ್ದು ಅವತ್ತೇ. ನಮ್ಮ ಸ್ಟಾಫ್ ರೂಮಿನಲ್ಲೂ ಆ ಹೆಸರು ಓಡಾಡಿತು. ದೊಡ್ಡ ಮನೆತನದ ಹುಡುಗಿ ಹಾಗೆ ನಿಂತಿದ್ದರೆ ಧೈರ್ಯಸ್ಥೆ ಎನ್ನುತ್ತಿದ್ದರು, ಕೂಲಿಯವಳ ಮಗಳು ನಿಂತದ್ದಕ್ಕೆ ಸೊಕ್ಕು ಎಂದರು. ಇದು ನನಗೆ ಆಗಲೂ ತಿಳಿಯುತ್ತಿತ್ತು. ತಿಳಿದೂ ಸುಮ್ಮನಿದ್ದೆ.

ಆಕೆ ಒಂಬತ್ತನೆಯ ವರ್ಗದಲ್ಲಿದ್ದಾಗ ನಾವು ರಾಜ್ಯ ಮಟ್ಟಕ್ಕೆ ಹೋದೆವು. ಮೈಸೂರು ಸೀಮೆಯ ಒಂದು ಊರು. ಸೆಮಿಫೈನಲ್ ನಡುವೆ ರೆಫರಿ ಸೀಟಿ ಊದಿ ಸುಜಾತಾಳನ್ನು ಹೊರಗೆ ಕಳಿಸಿದರು. ನಾನು ಕೂತದ್ದು ಆಚೆ ಬದಿಯಲ್ಲಿ, ನಡುವೆ ಡೊಳ್ಳು, ಕೂಗಾಟ. ಏನಾಯಿತು ಎಂದು ನನಗೆ ಕೇಳಿಸಲಿಲ್ಲ. ಆಕೆ ಇಲ್ಲದೆ ನಾವು ಸೋತೆವು. ತಿಂಗಳೊಪ್ಪತ್ತಿನಲ್ಲಿ ಶಾಲೆಗೆ ವರದಿ ಬಂತು. 'ಸದರಿ ಆಟಗಾರ್ತಿಯು ಎದುರಾಳಿ ಆಟಗಾರ್ತಿಯ ಮೇಲೆ ದೈಹಿಕ ಹಲ್ಲೆ ನಡೆಸುವಂತೆ ತನ್ನ ತಂಡದವರನ್ನು ಪದೇ ಪದೇ ಪ್ರಚೋದಿಸಿರುತ್ತಾಳೆ.'

ಹೆಡ್ ಮಾಸ್ತರರೂ ನಾನೂ ಆಕೆಯನ್ನು ಕರೆದು ನಿಲ್ಲಿಸಿದೆವು.

"ನಾ ಯಾರಿಗೂ ಹೊಡೀರಿ ಅಂದಿಲ್ರಿ ಸರ."

"ಹಂಗಾರ ಇಷ್ಟ ದೊಡ್ಡ ರೆಫರಿ ಸುಳ್ಳ ಬರದಾರೇನು?" ಎಂದೆ.

"ಅವರ್ನ ಕೇಳ್ರಿ. ನಾ ಅಂದಿಲ್ಲ."

ನೋಡಿ, ನನ್ನ ತಪ್ಪು ಇಲ್ಲಿದೆ. ಹಾಗಾದರೆ ಏನೆಂದು ಕೂಗಿದೆ ಎಂದು ನಾನು ಆಕೆಯನ್ನು ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುವ ಸಂಗತಿ. ಬಾಯಿಜೋರಿನ ಹುಡುಗಿ, ಅಂದಿದ್ದರೂ ಅಂದಿರಬಹುದು ಎಂದು ಒಳಗೇ ತೀರ್ಮಾನ ಮಾಡಿಕೊಂಡೆ.

ಬೇಸಿಗೆಯ ರಜೆಯಲ್ಲಿ ಮುದ್ದೇಬಿಹಾಳದಿಂದ ನಾಡಗೌಡ ಮಾಸ್ತರರ ಫೋನು ಬಂತು. ನನ್ನ ಹಳೆಯ ಸ್ನೇಹಿತ, ಅಲ್ಲಿನ ಒಂದು ಶಾಲೆಯ ಪಿ.ಇ. ಮಾಸ್ತರ.

"ನಿಮ್ಮ ಉಡಾಳಿನ್ನ ನಮಗ ಕೊಡ್ರಿ. ನಮ್ಮಲ್ಲಿ ಇಬ್ರು ಎತ್ತರದ ಹುಡುಗ್ಯಾರ ಅದಾರ, ಆಕಳಂಥವ್ರು, ಬಾಯಿ ಇಲ್ಲ. ಇಬ್ರನ್ನೂ ನಿಮಗ ಕೊಡ್ತೇನಿ. ಅದಲಾಬದಲಿ ಮಾಡೂಣು."

ನಮ್ಮಲ್ಲಿ ಆಟಗಾರರನ್ನು ಮಾರುವ, ಕೊಳ್ಳುವ ವ್ಯವಹಾರವಿಲ್ಲ. ನಮ್ಮದೆಲ್ಲ ಟಿ.ಸಿ.ಯ ಮೇಲೆ ನಡೆಯುವ ಆಟ. ಶಾಲೆ ಬಿಟ್ಟ ಪ್ರಮಾಣಪತ್ರ ಕೊಟ್ಟರೆ ಹುಡುಗಿ ಆ ಕಡೆ, ಆ ಶಾಲೆಯವರು ಕೊಟ್ಟರೆ ಈ ಕಡೆ. ನಮ್ಮ ಹೆಡ್ ಮಾಸ್ತರ ದೇಶಪಾಂಡೆ ಸರ್ ಕನ್ನಡ ಕಲಿಸುವವರು, ಶಿಸ್ತಿನ ಮನುಷ್ಯ. ವರದಿ ಬಂದ ದಿನದಿಂದ ಶಾಲೆಯ ಹೆಸರು ಕೆಟ್ಟಿತೆಂದು ಊಟ ಸೇರದೆ ಇದ್ದರು. ವಿಷಯ ಕೇಳಿದ್ದೇ, "ಕೊಟ್ಟ ಬಿಡ್ರಿ" ಎಂದರು. ತಂಡದ ಲೆಕ್ಕದಲ್ಲಿ ನನಗೂ ಸರಿ ಕಂಡಿತು. ಒಬ್ಬಳ ಬದಲು ಇಬ್ಬರು, ಜಗಳವಿಲ್ಲ, ವರದಿಯಿಲ್ಲ. ಕಾಗದ ನಾನೇ ತಯಾರಿಸಿದೆ.

ಆದರೆ ಟಿ.ಸಿ.ಯಲ್ಲಿ 'ನಡತೆ' ಎಂಬ ಒಂದು ಕಾಲಮ್ಮಿದೆ. ಎಲ್ಲರಿಗೂ ಅಲ್ಲಿ 'ಉತ್ತಮ' ಎಂದು ಕಣ್ಣು ಮುಚ್ಚಿ ಬರೆಯುತ್ತೇವೆ. ದೇಶಪಾಂಡೆ ಸರ್ ಇದ್ದದ್ದನ್ನು ಇದ್ದ ಹಾಗೆ ಬರೆಯುವವರು. ವರದಿ ಕೈಯಲ್ಲಿರುವಾಗ 'ಉತ್ತಮ' ಎಂದು ಹೇಗೆ ಬರೆಯಲಿ ಎಂದರು. 'ತೃಪ್ತಿಕರವಲ್ಲ' ಎಂದು ಬರೆದರೆ ಆ ಕಾಗದ ಹುಡುಗಿಯ ಹಿಂದೆ ಜೀವಮಾನವಿಡೀ ಬರುತ್ತದೆ. ಕಾಲೇಜಿಗೂ ಅದೇ, ಕ್ರೀಡಾ ಕೋಟಾದ ನೌಕರಿಗೂ ಅದೇ.

ಜೂನ್ ತಿಂಗಳು, ಶಾಲೆ ಶುರುವಾದ ವಾರ. ನಾಡಗೌಡ ಮಾಸ್ತರರು ಇಬ್ಬರು ಹುಡುಗಿಯರನ್ನು ಜೀಪಿನಲ್ಲಿ ಕರೆದುಕೊಂಡು ಬಂದೇಬಿಟ್ಟರು. ದಾರಿಯುದ್ದಕ್ಕೂ ಅತ್ತು ಒಬ್ಬಳ ಮುಖ ಬಾತಿತ್ತು. ಕಾಶಿಬಾಯಿ ಒಂದು ದಿನದ ಕೂಲಿ ಬಿಟ್ಟು ಆಲಮೇಲದಿಂದ ಬಂದು ಆಫೀಸಿನ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು.

"ಮಾಸ್ತರ್ರ, ಮುದ್ದೇಬಿಹಾಳ ದೂರ ಆತ್ರಿ. ಹಾಸ್ಟೇಲಿನ್ಯಾಗ ಇರತಾಳ ಅಂದ್ರ ಇರ್ಲಿ. ಆದ್ರ ಕೆಟ್ಟಾಕಿ ಅಂತ ಬರದ ಕೊಡಬ್ಯಾಡ್ರಿ. ಅಕಿ ಕೆಟ್ಟಾಕಿ ಅಲ್ರಿ."

ನಾನು ಕಣ್ಣು ತಪ್ಪಿಸಿ ಮೈದಾನದ ಕಡೆ ನಡೆದೆ.

ಅಲ್ಲಿ ಸುಜಾತಾ ಕೊನೆಯ ಸಲ ಎಂದು ಹುಡುಗಿಯರ ಜೊತೆ ಆಡುತ್ತಿದ್ದಳು. ಕೂಗು ಎಂದಿನದೇ. ಅಂಕಣದ ಪಕ್ಕ ಬೇವಿನ ಗಿಡದ ಕೆಳಗೆ ಸ್ಮಿತಾ ಮೇಡಂ ನಿಂತಿದ್ದರು. ಮಂಡ್ಯದ ಕಡೆಯವರು, ವಿಜ್ಞಾನ ಕಲಿಸಲು ಬಂದು ಮೂರು ದಿನವಾಗಿತ್ತು. ಗಾಬರಿಯಿಂದ ನನ್ನನ್ನು ಕೇಳಿದರು:

"ಸರ್, ಆ ಹುಡುಗಿ ಯಾಕೆ ಹೀಗೆ ಅಂತಾಳೆ? ಅಕಿಗೆ ಒದಿ, ಇಕಿಗೆ ಒದಿ ಅಂತ? ನೀವು ಯಾರೂ ಏನೂ ಹೇಳಲ್ವಾ?"

ನಾನು ಅಂಕಣದ ಕಡೆ ತಿರುಗಿದೆ. ಸುಜಾತಾ ಮತ್ತೆ ಕೂಗಿದಳು. ಈ ಸಲ ನನ್ನ ಕಿವಿಯಿಂದಲ್ಲ, ಮಂಡ್ಯದವರ ಕಿವಿಯಿಂದ ಕೇಳಿದೆ.

"ಅಕಿಗಿ ಒಗಿ! ಏ, ಒಗಿ ಒಗಿ ಒಗಿ!"

ನಮ್ಮ ಕಡೆ ಅರಿವೆಯನ್ನೂ ಒಗೆಯುತ್ತೇವೆ, ಕಲ್ಲನ್ನೂ ಒಗೆಯುತ್ತೇವೆ. ಒಗಿ ಎಂದರೆ ಎಸೆ. ಆಕೆಯ ಕಡೆಗೆ ಚೆಂಡು ಎಸೆ ಎಂಬುದು, ಬಟ್ಟೆಯೊಂದನ್ನೇ ಒಗೆಯುವ ಸೀಮೆಯವರ ಕಿವಿಗೆ ಆಕೆಗೆ ಕಾಲಿನಿಂದ ಒದೆ ಎಂದು ಬಿದ್ದಿತ್ತು. ಹುಡುಗಿಯ ಮಾತು ಮೊದಲೇ ಬಿರುಸು, ಓಡುತ್ತ ಕೂಗಿದರೆ ಕೇಳಬೇಕೆ? ಆ ರೆಫರಿ ಸುಳ್ಳು ಬರೆದಿರಲಿಲ್ಲ. ಈ ಹುಡುಗಿಯೂ ಸುಳ್ಳು ಹೇಳಿರಲಿಲ್ಲ. ನಡುವೆ ನಿಂತ ನಾನು, ಎರಡೂ ಸೀಮೆಯ ಮಾತು ಬಲ್ಲವನು, ಬಾಯಿ ಮುಚ್ಚಿಕೊಂಡು ಟಿ.ಸಿ. ಕಾಗದ ತಯಾರಿಸಿದ್ದೆ.

ಐವತ್ತು ದಾಟಿದ ಮೇಲೆ ಅಷ್ಟು ಜೋರಾಗಿ ಓಡಿದ್ದು ಅದೊಂದೇ ಸಲ. ಆಫೀಸಿಗೆ ನುಗ್ಗಿದಾಗ ದೇಶಪಾಂಡೆ ಸರ್ ಪೆನ್ನಿನ ಟೊಪ್ಪಿಗೆ ತೆಗೆದಿದ್ದರು. ನಡತೆಯ ಕಾಲಮ್ಮು ಇನ್ನೂ ಖಾಲಿಯಿತ್ತು. ಬಾಯಲ್ಲಿ ಹೇಳಿದರೆ ನಂಬುವವರಲ್ಲ. ಸ್ಮಿತಾ ಮೇಡಂರನ್ನು ಕರೆದು ಸರ್ ಪಕ್ಕ ಕೂಡಿಸಿ, ಇಬ್ಬರ ಕೈಗೂ ಒಂದೊಂದು ಕಾಗದದ ಚೂರು ಕೊಟ್ಟೆ. ಸುಜಾತಾಳನ್ನು ವರಾಂಡದ ಆ ತುದಿಗೆ ನಿಲ್ಲಿಸಿ, ಪಂದ್ಯದಲ್ಲಿ ಕೂಗುವ ಹಾಗೇ ಕೂಗು ಎಂದೆ.

"ಯಾಕ್ರಿ?"

"ಕೂಗ ಅಂದ್ರ ಕೂಗವಾ!"

ಕೂಗಿದಳು. ವರಾಂಡದ ತಗಡು ಅದುರಿತು. ಇಬ್ಬರೂ ಬರೆದರು. ಎರಡೂ ಚೀಟಿಗಳನ್ನು ಮೇಜಿನ ಮೇಲೆ ಜೋಡಿಸಿದೆ. ಸರ್ ಚೀಟಿಯಲ್ಲಿ 'ಒಗಿ'. ಮೇಡಂ ಚೀಟಿಯಲ್ಲಿ 'ಒದಿ'.

ದೇಶಪಾಂಡೆ ಸರ್ ಕನ್ನಡಕ ಮೇಲೆ ಮಾಡಿ ಎರಡನ್ನೂ ನೋಡಿದರು. ಮತ್ತೆ ನೋಡಿದರು. ಆಮೇಲೆ ಕನ್ನಡ ಮಾಸ್ತರನಿಗೆ ಮಾತ್ರ ಬರುವಂಥ ನಗು ಬಂತು ಅವರಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಸುಜಾತಾಳನ್ನು ಒಳಗೆ ಕರೆದರು. ಎದ್ದು ನಿಂತು, "ತಪ್ಪಾತವಾ ನಂದು" ಎಂದರು. ಮೂವತ್ತು ವರ್ಷ ಅನೇಕ ಮೇಲಿನವರ ಕೈಕೆಳಗೆ ದುಡಿದಿದ್ದೇನೆ. ಎದ್ದು ನಿಂತು ವಿದ್ಯಾರ್ಥಿಗೆ ಹಾಗೆ ಹೇಳಿದವರು ಅವರೊಬ್ಬರೇ. ನಾನೂ ಹೇಳಬೇಕಿತ್ತು. ನನ್ನ ಬಾಯಿಂದ ಬರಲಿಲ್ಲ.

ಕಾಶಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಮಗಳ ಬೆನ್ನಿಗೆ ಒಂದು ಗುದ್ದು ಗುದ್ದಿದಳು. "ಸಣ್ಣಗ ಕೂಗಾಕ ಏನಾಗೇತಿ ನಿನಗ?" ಅದಲಾಬದಲಿ ರದ್ದಾಯಿತೆಂದು ಕೇಳಿದ್ದೇ ಮುದ್ದೇಬಿಹಾಳದ ಆ ಅಳುಬುರುಕ ಹುಡುಗಿ ಎಲ್ಲರಿಗಿಂತ ಮೊದಲು ಹೋಗಿ ಜೀಪು ಹತ್ತಿ ಕೂತಳು. ನಾಡಗೌಡ ಮಾಸ್ತರರು ಮಾತ್ರ, "ಬರೇ ಒಂದ ಅಕ್ಷರದಾಗ ಹೋತಲ್ರೀ" ಎಂದು ಕೈ ಕೈ ಹಿಸುಕಿಕೊಂಡು ಹೋದರು.

ದೇಶಪಾಂಡೆ ಸರ್ ಎರಡೂ ಚೀಟಿಗಳನ್ನು ಲಗತ್ತಿಸಿ ಇಲಾಖೆಗೆ ಉದ್ದನೆಯ ಪತ್ರ ಬರೆದರು. ಆಕೆ ಆಡಬಹುದು ಎಂದು ಉತ್ತರ ಬಂತು, ಜೊತೆಗೆ ಬಾಲವೂ ಬಂತು: ಇನ್ನೊಂದು ದೂರು ಬಂದಲ್ಲಿ ಆಟದಿಂದ ಹೊರಗೆ. ಹೀಗಾಗಿ ಒಗಿ ಬಿಟ್ಟು ಪಾಸ್ ಎಂದು ಕೂಗುವುದನ್ನು ಕಲಿಸಲು ಕೂತೆ. ಹದಿನೈದು ದಿನ ಪ್ರಯತ್ನ ಮಾಡಿದೆ. ಆಕೆ ಪಾಸ್ ಎಂದರೆ ಉಳಿದ ನಾಲ್ವರು ಪರೀಕ್ಷೆಯ ಫಲಿತಾಂಶ ಬಂತೇನೋ ಎಂಬಂತೆ ನಿಂತು ನೋಡುತ್ತಿದ್ದರು. ಚೆಂಡು ಹೊರಗೆ ಹೋಗುತ್ತಿತ್ತು. ಆ ತಂಡದ ಕೈಕಾಲು ಹೊಂದಿದ್ದೇ ಆ ಒಂದು ಶಬ್ದದ ಮೇಲೆ. ಹಿಂದೆ ನಾನು ಪುಸ್ತಕದಲ್ಲಿ ಇದ್ದಂತೆ ಕಲಿಸುತ್ತಿದ್ದವನು. ಆ ದಿನಗಳಲ್ಲಿ ಮೊಬೈಲಿನಲ್ಲಿ ಅವರ ಆಟ ಹಿಡಿದು, ಹತ್ತಾರು ಸಲ ನೋಡಿ, ಕೇಳಿ ಕಲಿತೆ. ಹುಡುಗಿಯರ ಬಾಯಿಯಲ್ಲಿ ಏನಿದೆಯೋ ಅದರ ಮೇಲೆಯೇ ಆಟ ಕಟ್ಟಬೇಕು.

"ಒಗಿ ಅಂತನ ಒದರ್ರಿ. ಆಗೂದ ಆಗ್ಲಿ" ಎಂದೆ.

"ಮದ್ಲ ಹಂಗ ಅನಬೇಕಿತ್ರಿ" ಎಂದಳು ಸುಜಾತಾ.

ಆ ವರ್ಷ ರಾಜ್ಯ ಮಟ್ಟದ ಪಂದ್ಯಗಳು ನಮ್ಮ ಜಿಲ್ಲೆಗೇ ಬಂದವು, ಬಸವನ ಬಾಗೇವಾಡಿಗೆ. ದಕ್ಷಿಣದ ತಂಡಗಳು ಖಡಕ್ ರೊಟ್ಟಿಯನ್ನು ಹೇಗೆ ಮುರಿಯಬೇಕು ಎಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದವು. ನಾವು ಫೈನಲ್ ತನಕ ನುಗ್ಗಿ ಬಂದೆವು. ಫೈನಲ್ಲಿಗೆ ಸೀಟಿ ಹಿಡಿದು ಬಂದವರು ಯಾರು? ಅದೇ ರೆಫರಿ.

ಆಟಕ್ಕೆ ಮೊದಲು ಸುಜಾತಾಳನ್ನು ಕರೆದುಕೊಂಡು ಅವರ ಹತ್ತಿರ ಹೋದೆ. ಸಂಗತಿ ವಿವರಿಸಿದೆ. ಅವರು ನಗಲಿಲ್ಲ. ಆಕೆಯನ್ನೇ ನೋಡುತ್ತ, "ಒಗೆಯೋದು ಅಂದ್ರೆ ಬಟ್ಟೆ ಅಲ್ವೇನಮ್ಮ?" ಎಂದರು.

"ಅರಿವಿನೂ ಒಗಿತೀವ್ರಿ, ಚೆಂಡೂ ಒಗಿತೀವ್ರಿ."

"ನಾನು ಕೇಳಿಸಿದ್ದನ್ನು ಬರೆದೆ. ಇವತ್ತೂ ಕೇಳಿಸಿದ್ದಕ್ಕೇ ಸೀಟಿ ಊದ್ತೀನಿ" ಎಂದು ಹೇಳಿ ಅಂಕಣಕ್ಕೆ ಹೋದರು. ಸಮಾಧಾನ ಆಯಿತೋ, ಇದ್ದ ಧೈರ್ಯವೂ ಹೋಯಿತೋ ನನಗೆ ಹೇಳಲಾಗದು.

ಆಟ ಕೊನೆಯ ನಿಮಿಷಕ್ಕೆ ಬಂತು. ನಾವು ಒಂದು ಅಂಕ ಹಿಂದೆ. ಚೆಂಡು ಸುಜಾತಾಳ ಕೈಯಲ್ಲಿ, ಸುತ್ತ ಮೂವರು ಗೋಡೆ ಕಟ್ಟಿದ್ದರು. ಆಕೆ ಯಾರಿಗೂ ಕೊಡುವುದಿಲ್ಲ, ತಾನೇ ಹಾರುತ್ತಾಳೆ ಎಂದು ಅವರೂ ಬಲ್ಲರು, ನಾನೂ ಬಲ್ಲೆ. ರಿಂಗಿನ ಕೆಳಗೆ ಇದ್ದವಳು ಸುವರ್ಣಾ, ತಂಡದಲ್ಲಿ ಎಲ್ಲರಿಗಿಂತ ಅಂಜುಬುರುಕಿ. ಇಡೀ ಪಂದ್ಯದಲ್ಲಿ ಆಕೆಯ ಕಡೆ ಯಾರೂ ನೋಡಿರಲಿಲ್ಲ. ಸುಜಾತಾ ಹಾರಿದಳು. ಹಾರಿ ಗಾಳಿಯಲ್ಲಿದ್ದಾಗಲೇ ಚೆಂಡನ್ನು ಕೆಳಗೆ ಸುವರ್ಣಾಳ ಎದೆಯ ಮಟ್ಟಕ್ಕೆ ತಳ್ಳಿ, ಬಾಗೇವಾಡಿಗೆಲ್ಲ ಕೇಳುವಂತೆ ಕೂಗಿದಳು:

"ಒಗೀ!"

ಸುವರ್ಣಾ ಕಣ್ಣು ಮುಚ್ಚಿ ಒಗೆದಳು. ಅದೇ ಹೊತ್ತಿಗೆ ಎದುರಿನ ಹುಡುಗಿ ಆಕೆಯ ಮೈಮೇಲೆ ಬಿದ್ದಳು. ಅದೇ ಹೊತ್ತಿಗೆ ಸೀಟಿ ಕೇಳಿಸಿತು.

ಚೆಂಡು ರಿಂಗಿನೊಳಗೆ ಇಳಿದದ್ದನ್ನು ನಾನು ನೋಡಲಿಲ್ಲ. ರೆಫರಿಯ ಕೈ ನೋಡುತ್ತಿದ್ದೆ. ಮುಗಿಯಿತು, ಹುಡುಗಿಯ ಆಟ ನನ್ನ ಹಟದಿಂದ ಮುಗಿಯಿತು ಎಂದುಕೊಂಡೆ. ಅವರು ಸುಜಾತಾಳ ಕಡೆ ತಿರುಗಲೇ ಇಲ್ಲ. ಮೈಮೇಲೆ ಬಿದ್ದವಳ ಕಡೆ ಕೈ ತೋರಿಸಿದರು. ತಪ್ಪು ಆಕೆಯದು, ಬುಟ್ಟಿ ನಮ್ಮದು, ಮೇಲೊಂದು ಎಸೆತವೂ ನಮ್ಮದು!

ಗೆದ್ದ ಮೇಲೆ ಏನೇನಾಯಿತು ಎಂದು ಕ್ರಮವಾಗಿ ಹೇಳಲು ಬರುವುದಿಲ್ಲ. ಗುಲಾಲು ಎಲ್ಲಿಂದ ಬಂತೋ, ಹಲಗೆ ಬಾರಿಸುವವರು ಎಲ್ಲಿಂದ ಬಂದರೋ. ದೇಶಪಾಂಡೆ ಸರ್ ಪಂಚೆ ಎತ್ತಿ ಕಟ್ಟಿ ಕುಣಿದರು, ಅದನ್ನು ಸ್ಮಿತಾ ಮೇಡಂ ಮೊಬೈಲಿನಲ್ಲಿ ಹಿಡಿದರು. ಹೊಲದ ಕೆಲಸದ ಹೆಂಗಸರನ್ನು ಕಟ್ಟಿಕೊಂಡು ಬಂದಿದ್ದ ಕಾಶಿಬಾಯಿ ಅಂಕಣದ ನಡುವೆ ನಿಂತು ಬಾಯಿಗೆ ಕೈ ಇಟ್ಟು ಹೋ ಎಂದು ಕೂಗಿದಳು. ಮಗಳ ಗಂಟಲು ಯಾರದು ಎಂದು ಅವತ್ತು ತಿಳಿಯಿತು. ರೆಫರಿ ಅಂಕದ ಹಾಳೆಗೆ ಸಹಿ ಹಾಕಿ, ಹೋಗುವಾಗ ಸುಜಾತಾಳ ಮುಂದೆ ನಿಂತರು.

"ಚೆನ್ನಾಗಿ ಒಗೆದೆ ಕಣಮ್ಮ."

ಮೈಸೂರು ಸೀಮೆಯ ಬಾಯಲ್ಲಿ ನಮ್ಮ ಮಾತು. ಕಪ್ಪಿಗಿಂತ ಅದು ದೊಡ್ಡದು ಎಂದು ನನಗನ್ನಿಸಿತು.

ಸುಜಾತಾ ಎಸ್ಸೆಸ್ಸೆಲ್ಸಿ ಪಾಸಾಗಿ ಟಿ.ಸಿ.ಗೆ ಬಂದ ದಿನ ದೇಶಪಾಂಡೆ ಸರ್ ಪೆನ್ನನ್ನು ನನ್ನ ಕೈಗೆ ಕೊಟ್ಟರು. "ನಡತಿ ನೀವ ಬರೀರಿ ಮಾಸ್ತರ." 'ಅತ್ಯುತ್ತಮ' ಎಂದು ದುಂಡಗೆ ಬರೆದೆ. ಬರೆದು, ಒಣಗಲೆಂದು ಊದಿ, ಹೆಮ್ಮೆಯಿಂದ ಆಕೆಯ ಕೈಗೆ ಕೊಟ್ಟೆ. ಆಕೆ ನಿಧಾನವಾಗಿ ಓದಿದಳು. ಇಂಡಿಯಲ್ಲಿ ಚೆಂಡು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳಲ್ಲ, ಹಾಗೆಯೇ ನಿಂತು ನನ್ನ ಮುಖ ನೋಡಿದಳು.

"ಹೋದ ವರ್ಷಾನೂ ಇದ ನಡತಿ ಇತ್ರಿ ಸರ."

"ಹೌದವಾ, ಇದ ಇತ್ತು. ನಾನ ಕೇಳಲಿಲ್ಲ. ತಪ್ಪಾತು" ಎಂದೆ. ಒಂದು ವರ್ಷ ಬಾಯಿಂದ ಬರದೆ ನಿಂತಿದ್ದ ಮಾತು ಅವತ್ತು ಬಂತು.